ಹದಿನಾಲ್ಕನೇ ಛತ್ರಿ

ಮಡಿಕೆ ಕೋಣೆಯಲ್ಲಿ ಅವಳಿಗೆ ‘ಇನ್ನೊಂದ್ಸಲ’ ಎಂದೇ ಹೆಸರು ಬಿದ್ದಿತ್ತು. ಬೀಗ ಹಾಕುವುದು, ಎಳೆದು ನೋಡುವುದು, ಹತ್ತು ಹೆಜ್ಜೆ ನಡೆದವಳು ತಿರುಗಿ ಬಂದು ಇನ್ನೊಂದು ಸಲ ಎಳೆಯುವುದು ಅವಳ ಹುಟ್ಟುಗುಣ. ಮಗಳು ಹುಟ್ಟಿದ ಮೇಲೆ ಗುಣ ಹೋಗಿ ರೋಗವೇ ಆಯಿತು ಎಂದು ಅತ್ತೆಯ ಅಂಬೋಣ. ಮಲಗಿದ ಮಗುವಿನ ಮೂಗಿನ ಕೆಳಗೆ ಬೆರಳು ಹಿಡಿದು ಉಸಿರು ನೋಡುತ್ತಿದ್ದವಳನ್ನು ಕಂಡು, “ಹೀಗೇ ಕಾಯ್ತಾ ಕೂತ್ರೆ ಆ ಕೂಸು ಉಸಿರಾಡೋಕೂ ನಿನ್ನ ಅಪ್ಪಣೆ ಕೇಳೋ ಹಾಗಾಗುತ್ತೆ” ಎಂದಿದ್ದರು. ಬಸ್ಸು ಓಡಿಸುವ ಗಂಡ ಮಾತ್ರ ನಗುತ್ತಿದ್ದ. ಬಸ್ಸಿನ ಬ್ರೇಕು ಸರಿಯಿದೆಯೇ ಎಂದು ಅವಳು ದಿನಾ ಕೇಳುವುದು, ಸರಿಯಿಲ್ಲದಿದ್ದರೆ ನಾನು ಮನೆ ಮುಂದೆ ನಿಲ್ಲುತ್ತಿದ್ದೆನೇ ಎಂದು ಅವನು ದಿನಾ ಹೇಳುವುದು, ಇದು ಅವರ ಸಂಸಾರದ ಸುಪ್ರಭಾತ.

ಅವಳ ಕೆಲಸ ಊರ ಹೊರಗಿನ ಸಣ್ಣ ವಿಮಾನ ಮೈದಾನದಲ್ಲಿ. ವಾರದ ಕೊನೆಗೆ ಜನ ಬಂದು ಎರಡು ದಿನ ಪಾಠ ಕೇಳಿ, ಮೂರನೆಯ ದಿನ ವಿಮಾನ ಹತ್ತಿ ಮೂರು ಸಾವಿರ ಅಡಿಯಿಂದ ಜಿಗಿಯುತ್ತಿದ್ದರು. ಅವರು ಬೆನ್ನಿಗೆ ಕಟ್ಟಿಕೊಳ್ಳುವ ಪ್ಯಾರಾಚೂಟುಗಳನ್ನು ಮಡಚಿ ಮೂಟೆ ಕಟ್ಟುವವಳು ಇವಳು. ಅಲ್ಲಿ ಯಾರೂ ಪ್ಯಾರಾಚೂಟ್ ಎನ್ನುತ್ತಿರಲಿಲ್ಲ, ಛತ್ರಿ ಎನ್ನುತ್ತಿದ್ದರು. ಮಡಿಕೆ ಕೋಣೆ ಎಂದರೆ ತಗಡಿನ ಚಾವಣಿಯ ಉದ್ದನೆಯ ಕೋಣೆ, ಅದರೊಳಗೆ ಒಂದರ ಪಕ್ಕ ಒಂದು ತಾಗಿದಂತೆ ಎರಡು ಮೇಜು. ಒಂದೊಂದು ಮೇಜೂ ಅವಳ ಗಂಡನ ಬಸ್ಸಿನಷ್ಟು ಉದ್ದ. ಒಂದು ತುದಿಗೆ ಬಟ್ಟೆಯ ನೆತ್ತಿಯನ್ನು ಕೊಕ್ಕೆಗೆ ಸಿಕ್ಕಿಸಿ, ಇನ್ನೊಂದು ತುದಿಗೆ ಹುರಿಗಳನ್ನು ಎಳೆದು ಕಟ್ಟಿ, ಇಪ್ಪತ್ತೆಂಟು ಪಟ್ಟಿಗಳನ್ನು ಪುಸ್ತಕದ ಹಾಳೆಯಂತೆ ಒಂದರ ಮೇಲೊಂದು ಮಡಚಬೇಕು. ಒಂದು ಛತ್ರಿಗೆ ಮುಕ್ಕಾಲು ಗಂಟೆ. ಇವಳಿಗೆ ಒಂದು ಗಂಟೆ ಐದು ನಿಮಿಷ.

ಈ ಕೆಲಸಕ್ಕೆ ಅವಳನ್ನು ಆರಿಸಿದ್ದೂ ಆ ಗುಣಕ್ಕಾಗಿಯೇ. ಐದು ವರ್ಷದ ಹಿಂದೆ, ಹೊಲಿಗೆ ಬಲ್ಲವರು ಬೇಕು ಎಂಬ ಜಾಹೀರಾತು ನೋಡಿ ಬಂದವಳು ಮಾತು ಮುಗಿಸಿ ಹೊರಗೆ ಹೋಗುವಾಗ ಬಾಗಿಲಿನ ಚಿಲಕವನ್ನು ಎರಡು ಸಲ ಮುಟ್ಟಿ ನೋಡಿದ್ದಳು. ಮೈದಾನದ ಮುಖ್ಯಸ್ಥರು, ಎಲ್ಲರೂ ದೊಡ್ಡ ಸಾರ್ ಎನ್ನುತ್ತಿದ್ದವರು, ಅದನ್ನು ಕಿಟಕಿಯಿಂದ ಕಂಡು ಆಗಲೇ ತೀರ್ಮಾನ ಮಾಡಿದ್ದರಂತೆ. ಕಲಿಸಿದವರು ಆಗ ಅಲ್ಲಿದ್ದ ಮುದುಕರು, ಮಡಿಕೆಯ ತಾತ. ಮೊದಲ ದಿನ ಅವರು ಏಣಿ ಹತ್ತಿ ನಿಂತು ತಮ್ಮ ಕರವಸ್ತ್ರವನ್ನು ಉಂಡೆ ಮಾಡಿ ಬಿಟ್ಟರು. ಟಪ್ಪೆಂದು ಬಿತ್ತು. ಮತ್ತೆ ಅದನ್ನೇ ಬಿಡಿಸಿ, ಅಗಲವಾಗಿ ಹಿಡಿದು ಬಿಟ್ಟರು. ಅದು ಓಲಾಡುತ್ತಾ, ಬೇಕೋ ಬೇಡವೋ ಎಂಬಂತೆ ಇಳಿಯಿತು.

“ಬಟ್ಟೆ ಅದೇ, ತೂಕ ಅದೇ. ಏನು ಬದಲಾಯ್ತು ಹೇಳು,” ಎಂದಿದ್ದರು ತಾತ.

ಪಿಯುಸಿಯಲ್ಲಿ ವಿಜ್ಞಾನ ಓದಿದ್ದವಳು ಪುಸ್ತಕದ ಮಾತನ್ನೇ ಒಪ್ಪಿಸಲು ಹೊರಟಿದ್ದಳು. ತಾತ ತಡೆದರು. ಮನುಷ್ಯ ಬರಿಮೈಯಲ್ಲಿ ಬಿದ್ದರೂ ವೇಗ ಏರುತ್ತಲೇ ಹೋಗುವುದಿಲ್ಲ, ಹತ್ತು ಹನ್ನೆರಡು ಸೆಕೆಂಡಿನಲ್ಲಿ ಕೆಳಗಿನಿಂದ ಗಾಳಿ ತಳ್ಳುವ ಬಲ ಮೈತೂಕಕ್ಕೆ ಸಮವಾಗಿ ನಿಲ್ಲುತ್ತದೆ, ಆಮೇಲೆ ಅದೇ ವೇಗ. ಆದರೆ ಆ ವೇಗದಲ್ಲಿ ನೆಲ ಮುಟ್ಟಿದವನನ್ನು ಚಾಪೆಯಲ್ಲಿ ಸುತ್ತಿ ಒಯ್ಯಬೇಕು. ಛತ್ರಿ ಮಾಡುವುದು ಇಷ್ಟೇ: ಗಾಳಿಗೆ ತಳ್ಳಲು ಹೆಚ್ಚು ಜಾಗ ಕೊಡುತ್ತದೆ. ಆಗ ಗೋಡೆಯಿಂದ, ಆಳೆತ್ತರಕ್ಕಿಂತ ಕಡಿಮೆ ಗೋಡೆಯಿಂದ, ನೆಗೆದಷ್ಟು ಪೆಟ್ಟು ಮಾತ್ರ. “ಗಾಳಿ ಯಾವತ್ತೂ ಕೈ ಕೊಡಲ್ಲಮ್ಮ. ಕೈ ಕೊಡೋದು ಮಡಚಿದೋರು,” ಎಂದು ಮುಗಿಸಿದ್ದರು. ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ತಾತ ಕೆಲಸ ಬಿಟ್ಟು ಎರಡು ವರ್ಷವಾದರೂ ಮುಳ್ಳು ಅಲ್ಲೇ ಇತ್ತು.

ಆ ಮುಳ್ಳಿನ ದೆಸೆಯಿಂದ ಅವಳು ಈವರೆಗೆ ಮೂರು ಸಲ ಗದ್ದಲ ಎಬ್ಬಿಸಿದ್ದಳು. ಒಮ್ಮೆ ಹುರಿ ತಿರುಚಿಕೊಂಡಿರಬಹುದು ಎಂದು, ಒಮ್ಮೆ ಮೂಟೆಯ ಬಾಯಿಯ ಪಿನ್ನು ಬಾಗಿರಬಹುದು ಎಂದು, ಇನ್ನೊಮ್ಮೆ ಏನೆಂದು ತನಗೇ ಗೊತ್ತಿಲ್ಲದೆ. ಮೂರನೆಯ ಸಲ ಪಂಖ ತಿರುಗುತ್ತಿದ್ದ ವಿಮಾನವನ್ನು ನಿಲ್ಲಿಸಿ ಆರು ಜನರನ್ನು ಇಳಿಸಿ, ಆರು ಮೂಟೆ ಬಿಚ್ಚಿ ನೋಡಿದರೆ ಒಂದು ಮಡಿಕೆಯೂ ಜರುಗಿರಲಿಲ್ಲ. ದೊಡ್ಡ ಸಾರ್ ಬೈಯಲಿಲ್ಲ. ಕನ್ನಡಕ ಒರೆಸುತ್ತಾ, ಇನ್ನೊಂದು ಸಲ ಹೀಗಾದರೆ ಅವಳನ್ನು ಹೊಲಿಗೆ ಯಂತ್ರದ ಕೋಣೆಗೆ ಹಾಕಬೇಕಾಗುತ್ತದೆ, ಅಲ್ಲಿ ಹೆದರಿದರೆ ಯಾರಿಗೂ ತೊಂದರೆಯಿಲ್ಲ ಎಂದರು. ಪಕ್ಕದ ಮೇಜಿನವಳು, ದಿನವಿಡೀ ಮಾತಾಡುವುದರಿಂದ ಬಡಬಡಿ ಎನಿಸಿಕೊಂಡವಳು, ತೋಳ ಬಂತು ತೋಳ ಎಂದು ತಿಂಗಳುಗಟ್ಟಲೆ ರೇಗಿಸಿದಳು.

ಆ ಕೋಣೆಯಲ್ಲಿ ಒಂದು ಕಟ್ಟಳೆ ಇತ್ತು. ಮಡಚುವಾಗ ಬಟ್ಟೆ ಜಾರದಂತೆ ಮೇಲಿಡಲು ಪ್ರತಿ ಮೇಜಿಗೂ ಐದು ಮರಳಿನ ಚೀಲ, ಅಂಗೈಯಗಲದವು. ಮೇಜಿನ ಬದಿಯ ಗೋಡೆಯಲ್ಲಿ ಐದು ಮೊಳೆ. ಮೂಟೆಯ ಬಾಯಿ ಕಟ್ಟುವ ಮೊದಲು ಐದು ಚೀಲವೂ ಐದು ಮೊಳೆಯ ಮೇಲೆ ಬರಬೇಕು, ಬಂದದ್ದನ್ನು ನೋಡಿದ ಮೇಲೆಯೇ ಮೂಟೆಯ ಚೀಟಿಗೆ ಸಹಿ. ಒಂದು ಚೀಲ ಮಡಿಕೆಯೊಳಗೆ ಉಳಿದರೆ, ಛತ್ರಿ ಬಿಚ್ಚಿಕೊಳ್ಳುವ ಆ ಒಂದು ಕ್ಷಣದಲ್ಲಿ ಅದು ಕವಣೆಕಲ್ಲಿನಂತೆ ಬಟ್ಟೆಯನ್ನು ಸೀಳಿಕೊಂಡು ಹೋಗುತ್ತದೆ. ಇನ್ನೊಂದು ಕಟ್ಟಳೆ, ಫೋನು ಬಾಗಿಲ ಬಳಿಯ ಪೆಟ್ಟಿಗೆಯಲ್ಲಿರಬೇಕು ಎಂಬುದು.

ಆ ಶನಿವಾರ ಅವಳ ಫೋನು ಸೊಂಟದಲ್ಲಿತ್ತು.

ಹಿಂದಿನ ದಿನ ಮಗುವಿಗೆ ಲಸಿಕೆ ಹಾಕಿಸಿದ್ದರು. ಬೆಳಿಗ್ಗೆ ಹೊರಡುವಾಗ ಹಣೆ ಬೆಚ್ಚಗಿತ್ತು. ಲಸಿಕೆ ಹಾಕಿದರೆ ಜ್ವರ ಬರುತ್ತದೆ, ಬಂದರೆ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದು ಅವಳಿಗೆ ಬಾಯಿಪಾಠವಾಗಿತ್ತು. ಆದರೂ ಮೊದಲ ಮೂಟೆ ಮುಗಿಯುವ ಹೊತ್ತಿಗೆ ಎರಡು ಸಲ, ಎರಡನೆಯದರ ನಡುವೆ ಮೂರು ಸಲ ಮನೆಗೆ ಫೋನು ಮಾಡಿದ್ದಳು. ಆರನೆಯ ಸಲ ಅತ್ತೆಯೇ ಮಾಡಿದರು. ಮಗು ಆಡುತ್ತಿದೆ, ನಿನ್ನ ಫೋನಿನ ಸದ್ದಿಗೆ ಬೆಚ್ಚಿ ಬೀಳುತ್ತಿದೆ, ಇನ್ನು ನೀನು ಫೋನು ಮಾಡಿದರೆ ನಾನು ಎತ್ತುವುದಿಲ್ಲ ಎಂದು ಛೀಮಾರಿ ಹಾಕಿದರು. ಅದನ್ನು ಅವಳು ಹೆಗಲು ಕಿವಿಗಳ ನಡುವೆ ಫೋನು ಸಿಕ್ಕಿಸಿಕೊಂಡು, ಕೈಯಲ್ಲಿ ಚೀಲಗಳನ್ನು ಮೊಳೆಗೆ ನೇತುಹಾಕುತ್ತಾ ಕೇಳಿದಳು. ಒಂದು, ಎರಡು, ಮೂರು, ನಾಲ್ಕು, ಐದು. ಎಣಿಸಿದ್ದು ಕೈ. ಕಣ್ಣು ಮನೆಯಲ್ಲಿತ್ತು. ಸಹಿ ಹಾಕಿ ಬಾಯಿ ಕಟ್ಟಿದಳು.

ಊಟದ ಹೊತ್ತಿಗೆ ಅವಳ ಕೈಯಿಂದ ಮೂರು ಮೂಟೆ ಹೋಗಿದ್ದವು: ಹನ್ನೊಂದು, ಹದಿನಾಲ್ಕು, ಹದಿನೇಳು.

ಹದಿನಾಲ್ಕನೆಯದು ಗ್ರಂಥಾಲಯದಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿಗೆ ಹೋಯಿತು. ಹುಡುಗಿ ಕಡ್ಡಿಯಂತಿದ್ದಳು, ಐವತ್ತು ಕಿಲೋ ಕೂಡ ಇರಲಿಲ್ಲ. ಜೊತೆಗೆ ಅವಳ ತಾಯಿ ಬಂದಿದ್ದರು. ಬಿಸಿಲಿಗೆ ಛತ್ರಿ ಹಿಡಿದು, ಬೇಡವೆಂದರೂ ಮಡಿಕೆ ಕೋಣೆಯ ಬಾಗಿಲವರೆಗೂ ಬಂದು, ಇದನ್ನು ಕಟ್ಟಿದ್ದು ಯಾರು, ಇದು ಬಿಚ್ಚಿಕೊಳ್ಳುತ್ತದೆಯೇ ಎಂದು ಕೇಳಿದ್ದರು. ಆ ಮುಖ ನೋಡಿ ಇವಳಿಗೆ ಕನ್ನಡಿ ನೋಡಿದಂತಾಯಿತು. ತನಗೆ ಯಾರಾದರೂ ಇಂಥ ಮಾತು ಹೇಳಿದ್ದರೆ ಎಷ್ಟು ಹಿತವಾಗುತ್ತಿತ್ತೋ ಅಷ್ಟೇ ಹಿತವಾಗಿ ಹೇಳಿದಳು: “ನಾನೇ ಮಡಚಿದ್ದು ಅಮ್ಮ. ನನ್ನ ಮಗಳಾಗಿದ್ರೂ ಇದನ್ನೇ ಬೆನ್ನಿಗೆ ಕಟ್ಟಿ ಕಳಿಸ್ತಿದ್ದೆ.” ತಾಯಿ ಹೋಗಿ ಹಗ್ಗದಾಚೆಯ ಬೆಂಚಿನ ಮೇಲೆ ಕೂತರು. ಹುಡುಗಿಯ ಜೊತೆ ವಿಮಾನ ಹತ್ತಿದವರಲ್ಲಿ ಬೇಕರಿ ಇಟ್ಟುಕೊಂಡಿದ್ದ ಒಬ್ಬ ದಪ್ಪನೆಯವನೂ ಇದ್ದ.

ವಿಮಾನ ಮೇಲೆದ್ದು ಹತ್ತು ನಿಮಿಷವಾಗಿತ್ತು. ಬಡಬಡಿ ಬೆಳಗಿನಿಂದ ಎಳೆದಾಡುತ್ತಿದ್ದ ತನ್ನ ಒಂದೇ ಮೂಟೆಯನ್ನು ಈಗ ಮುಗಿಸುತ್ತಿದ್ದಳು. ಗಾಳಿ ಬಂದಾಗ ತೂರಿಕೋ ಅಂತಾರೆ, ನಮಗೆ ಗಾಳಿ ಬಂದ್ರೆ ಕೆಲಸವೇ ಇಲ್ಲ ಎಂದು ಏನೋ ಹೇಳುತ್ತಿದ್ದವಳು ಮಾತು ನಿಲ್ಲಿಸಿದಳು.

“ಅಕ್ಕ, ನನ್ನದೊಂದು ಚೀಲ ನಿನ್ನ ಕಡೆ ಉರುಳಿತಾ? ನಾಲ್ಕೇ ಇದೆ.”

“ನನ್ನವು ಐದೂ ಮೊಳೆ ಮೇಲಿವೆ,” ಎಂದು ತಿರುಗಿ ನೋಡಿದಳು. ಐದೂ ಇದ್ದವು. ಇನ್ನೊಂದು ಸಲ ನೋಡಿದಳು.

ತನ್ನ ಚೀಲಗಳನ್ನು ಅವಳೇ ಹೊಲಿದಿದ್ದಳು, ಅಂಚಿಗೆ ಕೆಂಪು ದಾರ. ಬಡಬಡಿಯ ಚೀಲಗಳಿಗೆ ಹಸಿರು. ಐದನೆಯ ಮೊಳೆಯ ಮೇಲೆ ತೂಗುತ್ತಿದ್ದ ಚೀಲದ ಅಂಚು ಹಸಿರಾಗಿತ್ತು.

ಇಬ್ಬರೂ ಮೊಣಕಾಲೂರಿ ಮೇಜಿನಡಿ ತಡಕಿದರು. ಕಸದ ಬುಟ್ಟಿ ಸುರಿದರು, ಕಪಾಟಿನ ಹಿಂದೆ ಕೋಲು ಹಾಕಿ ಎಳೆದರು. ಎರಡು ಮೇಜಿಗೂ ಸೇರಿ ಹತ್ತು ಚೀಲವಿರಬೇಕು. ಒಂಬತ್ತಿದ್ದವು. ಇಲ್ಲದ್ದು ಕೆಂಪು ಅಂಚಿನದು, ಅವಳದು. ಬೆಳಿಗ್ಗೆ ಎಷ್ಟು ಹೊತ್ತಿಗೋ ಬಡಬಡಿಯ ಚೀಲ ಈಚೆಗೆ ಜಾರಿದೆ. ಅದನ್ನು ತನ್ನದೆಂದು ತೆಗೆದು ಮೊಳೆಗೆ ಹಾಕಿದ್ದಾಳೆ. ತನ್ನದು ಮೂರು ಮೂಟೆಗಳಲ್ಲಿ ಒಂದರೊಳಗೆ ಉಳಿದಿದೆ. ಮೂರೂ ಈಗ ಆಕಾಶದಲ್ಲಿವೆ.

ಬಡಬಡಿ ಮೆಲ್ಲಗೆ, ಯಾವತ್ತೋ ಎಲ್ಲೋ ಬಿದ್ದುಹೋಗಿರಬಹುದು, ನಾಳೆ ಸಿಕ್ಕರೆ ಏನು ಮಾಡ್ತೀಯ, ಈ ಸಲ ಸಾರ್ ಸುಮ್ಮನಿರಲ್ಲ ಎಂದಳು. ಅದೂ ನಿಜವೇ. ಮೂರು ಸಲ ಏನೂ ಇಲ್ಲದ್ದಕ್ಕೆ ಓಡಿದ್ದಳು, ಈಗ ಏನಾದರೂ ಇದ್ದಾಗ ಓಡಿದರೂ ಕೇಳುವವರಿಗೆ ಎರಡೂ ಒಂದೇ. ಕೆಲಸ ಹೋದರೆ ಅತ್ತೆ ಒಂದು ವಾರ ಆಡಿಕೊಳ್ಳುತ್ತಾರೆ, ಗಂಡ ಒಂದು ವಾರ ಸಮಾಧಾನ ಮಾಡುತ್ತಾನೆ, ಆಮೇಲೆ ಅವಳು ಜೀವನವಿಡೀ ಹೊಲಿಗೆ ಯಂತ್ರದ ಮುಂದೆ. ಇಷ್ಟನ್ನು ಯೋಚಿಸುವಾಗಲೇ ಅವಳು ಅರ್ಧ ಮೈದಾನ ಓಡಿಯಾಗಿತ್ತು. ಚಪ್ಪಲಿ ಎಲ್ಲೋ ಉಳಿದವು.

ದೊಡ್ಡ ಸಾರ್ ರೇಡಿಯೊ ಇಟ್ಟುಕೊಂಡು ಗಾಳಿಯ ದಿಕ್ಕು ತೋರಿಸುವ ಗಾಳಿಪಟ್ಟಿಯ ಕಂಬದ ಕೆಳಗೆ ನಿಂತಿದ್ದರು. ಅವಳು ಓಡಿ ಬರುವುದನ್ನು ಕಂಡೇ ಅವರ ಮುಖ ಗಂಟಿಕ್ಕಿತು.

“ಏನಮ್ಮ, ಇನ್ನೊಂದ್ಸಲಾನಾ?”

“ಒಂದು ಚೀಲ ಇಲ್ಲ ಸಾರ್. ಹನ್ನೊಂದು, ಹದಿನಾಲ್ಕು, ಹದಿನೇಳು, ಈ ಮೂರರಲ್ಲಿ ಒಂದರೊಳಗಿದೆ.”

“ಖಂಡಿತ ಗೊತ್ತಾ?”

ಇದೇ ಪ್ರಶ್ನೆಗೆ ಅವಳು ಜೀವನದಲ್ಲಿ ಒಮ್ಮೆಯೂ ಹೌದು ಎಂದವಳಲ್ಲ. ಬೀಗದ ವಿಷಯದಲ್ಲೂ ಅಂದವಳಲ್ಲ. ಗೊತ್ತು ಎಂದಳು. ಯಾವ ಮೂಟೆ ಎಂದರು. ಅದು ಗೊತ್ತಿಲ್ಲ ಎಂದಳು. ಅವರು ಅವಳನ್ನೇ ಒಂದು ಗಳಿಗೆ ನೋಡಿದರು. ಆ ಗಳಿಗೆ ಎಷ್ಟು ಉದ್ದವಿತ್ತೆಂದರೆ, ಅಷ್ಟರಲ್ಲಿ ಒಂದು ಮೂಟೆ ಬಿಚ್ಚಿ ಮತ್ತೆ ಕಟ್ಟಬಹುದಿತ್ತು ಎಂದು ಆಮೇಲೆ ಅವಳಿಗೆ ಅನ್ನಿಸುತ್ತಿತ್ತು. ಕೊನೆಗೆ ಅವರು ರೇಡಿಯೊ ಬಾಯಿಗೆ ಹಿಡಿದು, ಜಿಗಿತ ನಿಲ್ಲಿಸಿ, ಯಾರನ್ನೂ ಬಿಡಬೇಡಿ ಎಂದರು.

ಮೇಲಿನಿಂದ ಉತ್ತರ ಬಂತು: ಇಬ್ಬರು ಹೋಗಿಯಾಯಿತು. ಮೊದಲು ಬೇಕರಿಯವರು, ಹಿಂದೆಯೇ, ಈಗಷ್ಟೇ, ಗ್ರಂಥಾಲಯದ ಹುಡುಗಿ. ಹನ್ನೊಂದು ಹದಿನೇಳು ಹೊತ್ತವರು ಒಳಗಿದ್ದಾರೆ.

ಬೇಕರಿಯವನದು ಬಡಬಡಿ ನಿನ್ನೆ ಮಡಚಿದ ಛತ್ರಿ. ಹುಡುಗಿಯದು ಹದಿನಾಲ್ಕು.

ಎಲ್ಲರೂ ತಲೆ ಎತ್ತಿದರು. ಎರಡು ಚುಕ್ಕೆ. ವಿಮಾನಕ್ಕೆ ಕಟ್ಟಿದ ಪಟ್ಟಿಯೇ ಮೂಟೆಯನ್ನು ಎಳೆದು ಬಿಚ್ಚುತ್ತದೆ, ಜಿಗಿದವರು ಏನೂ ಮಾಡಬೇಕಿಲ್ಲ. ಮೂರು, ನಾಲ್ಕು ಸೆಕೆಂಡು. ಒಂದು ಚುಕ್ಕೆಯ ಮೇಲೆ ಆಗಲೇ ಬಿಳಿ ಹೂವು ಅರಳಿತ್ತು. ಇನ್ನೊಂದರ ಮೇಲೆ ಅರಳಲಿಲ್ಲ, ಅರಳಲಿಲ್ಲ, ಆಮೇಲೆ ಅರಳಿತು. ಬೆಂಚಿನ ಮೇಲಿದ್ದ ತಾಯಿ ಕೈ ಮುಗಿದರು. ದೊಡ್ಡ ಸಾರ್ ಎದೆ ಹಗುರಾದವರಂತೆ ಉಸಿರುಬಿಟ್ಟು, ಬಿಚ್ಚಿಕೊಂಡಿತಲ್ಲಮ್ಮ, ಹೋಗು, ನೀರು ಕುಡಿ, ಉಳಿದೆರಡನ್ನು ಇಳಿದ ಮೇಲೆ ನೋಡೋಣ ಎಂದರು.

ಅವಳು ಹೋಗಲಿಲ್ಲ. ಸೂರ್ಯ ಆ ಕಡೆಯೇ ಇದ್ದ. ಕೆಳಗಿನಿಂದ ನೋಡಿದರೆ ಎರಡೂ ಬಿಸಿಲಿಗೆ ಹೊಳೆಯುವ ಎರಡು ತಟ್ಟೆ, ಹರಿದಿದೆಯೋ ಇಲ್ಲವೋ ಯಾರ ಕಣ್ಣಿಗೂ ಕಾಣುವಂತಿರಲಿಲ್ಲ. ಇನ್ನೊಂದು ಸಲ ನೋಡುವುದರಿಂದ ಏನೂ ಸಿಗುವಂತಿಲ್ಲದ ಕಡೆ ಅವಳು ನೋಡುತ್ತಲೇ ನಿಂತಳು.

ಬೇಕರಿಯವನು ಮೊದಲು ಜಿಗಿದವನು, ಅದಕ್ಕೇ ಕೆಳಗಿದ್ದ. ಹುಡುಗಿ ಐದಾರು ಸೆಕೆಂಡು ತಡವಾಗಿ ಜಿಗಿದವಳು, ಮೇಲಿದ್ದಳು. ಬೆಳಿಗ್ಗೆ ತೂಕದ ಪುಸ್ತಕ ಬರೆದವಳು ಇವಳೇ: ಬೇಕರಿಯವನು ತೊಂಬತ್ತೆಂಟು ಕಿಲೋ, ಹುಡುಗಿ ನಲವತ್ತೊಂಬತ್ತು. ತೂಕದಲ್ಲಿ ಅವನು ಎರಡು ಹುಡುಗಿಯರು. ಇಬ್ಬರ ನೆತ್ತಿಯ ಮೇಲೂ ಅಷ್ಟೇ ಅಗಲದ ಬಟ್ಟೆ, ಗಾಳಿಗೆ ಅಷ್ಟೇ ಜಾಗ. ಭಾರದವನು ಬೇಗ ಇಳಿಯಬೇಕು, ಹಗುರದವಳು ನಿಧಾನ. ಇಬ್ಬರ ನಡುವಿನ ಅಂತರ ಇಳಿಯುತ್ತಾ ಇಳಿಯುತ್ತಾ ಹೆಚ್ಚಬೇಕು.

ಅಂತರ ಕಡಿಮೆಯಾಗುತ್ತಿತ್ತು.

ಕಣ್ಣಿಗೆ ಮೋಸವೇ ಎಂದುಕೊಂಡಳು. ಗಾಳಿಪಟ್ಟಿಯ ಕಂಬದ ತುದಿಗೆ ಒಂದು ಕಣ್ಣು ಮುಚ್ಚಿ ಗುರಿಯಿಟ್ಟಳು. ಹುಡುಗಿಯ ಛತ್ರಿ ಬೇಕರಿಯವನದರ ಮಟ್ಟಕ್ಕೆ ಬಂತು. ಒಂದು ಕ್ಷಣ ಎರಡೂ ಪಕ್ಕಪಕ್ಕದಲ್ಲಿದ್ದವು, ಜೊತೆಗೆ ನಡೆಯುತ್ತಿರುವ ಅಕ್ಕತಂಗಿಯರಂತೆ. ಆಮೇಲೆ ಹುಡುಗಿ ಕೆಳಗಾದಳು.

“ಸಾರ್, ಅವಳು ಅವನಿಗಿಂತ ಕೆಳಗಿದ್ದಾಳೆ.”

“ಗಾಳಿ ಸ್ವಲ್ಪ ಆಚೀಚೆ ಇರುತ್ತಮ್ಮ.”

“ನಲವತ್ತೊಂಬತ್ತು ಕಿಲೋ ಸಾರ್. ಹಿಂದೆ ಜಿಗಿದವಳು. ತೊಂಬತ್ತೆಂಟರವನನ್ನ ದಾಟಿ ಇಳೀತಿದ್ದಾಳೆ. ಬಟ್ಟೆ ಪೂರ್ತಿ ಇದ್ರೆ ಹೀಗಾಗಲ್ಲ.”

ಅವಳ ದನಿ ನಡುಗುತ್ತಿರಲಿಲ್ಲ. ಅದೇ ಅವರನ್ನು ತಿರುಗುವಂತೆ ಮಾಡಿತೋ ಏನೋ. ಮೂರು ಸಲವೂ ಅವಳು ‘ಇರಬಹುದು’ ಎನ್ನುತ್ತಾ ಬಂದಿದ್ದಳು. ಈ ಸಲ ಅವಳ ಬಾಯಲ್ಲಿ ‘ಬಹುದು’ ಇರಲಿಲ್ಲ. ದೊಡ್ಡ ಸಾರ್ ಕನ್ನಡಕ ತೆಗೆದು ದುರ್ಬೀನು ಹಿಡಿದರು. ಎರಡು ಛತ್ರಿಯನ್ನೂ ಒಂದಾದ ಮೇಲೊಂದು ನೋಡಿದರು, ನಡುವಿನ ಆಕಾಶ ನೋಡಿದರು. ದುರ್ಬೀನು ಇಳಿಸಿದಾಗ ಅವರ ಮುಖದ ಬಣ್ಣ ಹೋಗಿತ್ತು. ಹರಿದದ್ದು ಅವರಿಗೂ ಕಂಡಿರಲಿಲ್ಲ. ವೇಗ ಕಂಡಿತ್ತು.

ಹರಿದ ಬಟ್ಟೆ ಹಾಗೇ ಇರುವುದಿಲ್ಲ. ಸೀಳಿನಲ್ಲಿ ನುಗ್ಗುವ ಗಾಳಿ ಸೀಳನ್ನು ಇನ್ನಷ್ಟು ಅಗಲಿಸುತ್ತದೆ. ಈಗ ಮೊದಲ ಮಹಡಿಯ ತಾರಸಿಯಿಂದ ಬಿದ್ದಷ್ಟು ಪೆಟ್ಟು, ಇನ್ನೆರಡು ಪಟ್ಟಿ ಹೋದರೆ ಎರಡನೆಯ ಮಹಡಿಯಿಂದ ಬಿದ್ದಷ್ಟು. ಹೊಟ್ಟೆಯ ಮೇಲೆ ಇನ್ನೊಂದು ಸಣ್ಣ ಛತ್ರಿ ಇರುತ್ತದೆ, ಆಪತ್ತಿಗೆಂದು. ಆದರೆ ಮೇಲೆ ಅರ್ಧಂಬರ್ಧ ಬಿಚ್ಚಿದ ಒಂದು ಇರುವಾಗ ಎರಡನೆಯದನ್ನು ಬಿಟ್ಟರೆ ಅವೆರಡೂ ಸುತ್ತಿಕೊಂಡು ಇದ್ದದ್ದೂ ಹೋಗಬಹುದು. ಬಿಡದಿದ್ದರೆ ನೆಲ. ಇದನ್ನು ದೊಡ್ಡ ಸಾರ್ ಯಾರಿಗೂ ವಿವರಿಸಲಿಲ್ಲ. ಅವಳಿಗೆ ಗೊತ್ತಿತ್ತು. ಮಡಚುವವರಿಗೆ ಬಿಚ್ಚಿಕೊಳ್ಳುವುದರ ಎಲ್ಲ ಬಗೆಯೂ ಗೊತ್ತಿರುತ್ತದೆ, ಅದೇ ಅವರ ಕರ್ಮ.

ಹುಡುಗಿಯ ಹೆಲ್ಮೆಟ್ಟಿನಲ್ಲಿ ಕಿವಿಗೆ ಒಂದು ರೇಡಿಯೊ ಇತ್ತು. ಅವಳು ಕೇಳಬಲ್ಲಳು, ಮಾತಾಡಲಾರಳು. ದೊಡ್ಡ ಸಾರ್ ಮಗುವನ್ನು ನಿದ್ದೆಯಿಂದ ಎಬ್ಬಿಸುವವರಂತೆ ಮಾತಾಡಿದರು.

“ನೋಡಮ್ಮ, ನೀನು ಸ್ವಲ್ಪ ಬೇಗ ಇಳೀತಿದ್ದೀಯ. ನಿನ್ನೆ ಹೇಳಿಕೊಟ್ಟಿದ್ದು ನೆನಪಿದೆಯಲ್ಲ. ಎಡಗೈಯನ್ನ ಹೊಟ್ಟೆ ಮೇಲಿನ ಮೂಟೆಗೆ ಒತ್ತಿ ಹಿಡ್ಕೊ. ಬಲಗೈಯಲ್ಲಿ ಹಿಡಿಕೆ ಎಳಿ. ಬಟ್ಟೆ ಕೈಗೆ ಬರುತ್ತೆ. ಬಂದದ್ದನ್ನ ನಿನ್ನಿಂದ ದೂರಕ್ಕೆ, ಪಕ್ಕಕ್ಕೆ ಎಸಿ. ಮೇಲಕ್ಕಲ್ಲ, ಪಕ್ಕಕ್ಕೆ.”

ಏನೂ ಆಗಲಿಲ್ಲ. ಚುಕ್ಕೆಗೆ ಈಗ ಕೈಕಾಲು ಕಾಣುತ್ತಿದ್ದವು. ದೊಡ್ಡ ಸಾರ್ ಅದನ್ನೇ ಮತ್ತೆ ಹೇಳಿದರು, ಅಷ್ಟೇ ನಿಧಾನವಾಗಿ. ಬೆಂಚಿನಿಂದ ತಾಯಿ ಎದ್ದು ನಿಂತಿದ್ದರು, ಏನೂ ಕೇಳದೆ. ಯಾರೂ ಹೇಳದಿದ್ದರೂ ತಾಯಿಗೆ ತಿಳಿಯುತ್ತದೆ. ಅವರ ಛತ್ರಿ ಹುಲ್ಲಿನ ಮೇಲೆ ಉರುಳಿ ಬಿದ್ದಿತ್ತು.

ಇವಳು ಎಣಿಸುತ್ತಿದ್ದಳು. ಯಾಕೆ ಎಣಿಸುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಹನ್ನೊಂದಕ್ಕೆ ಬಂದಾಗ ಹುಡುಗಿಯ ಹೊಟ್ಟೆಯಿಂದ ಬಿಳಿಯದೊಂದು ಹೊರಬಂತು. ಒದ್ದೆ ಬಟ್ಟೆಯಂತೆ ಜೋತುಬಿತ್ತು, ಅವಳ ಕಾಲ ಕೆಳಗೆ ಒಂದು ಸುತ್ತು ಹೊರಳಿತು, ದೊಡ್ಡ ಛತ್ರಿಯ ಹುರಿಗಳ ಕಡೆಗೇ ಬಾಗಿತು. ಹನ್ನೆರಡು. ಹದಿಮೂರು. ಬಾಗಿದ್ದು ಹೊರಳಿ ಗಾಳಿ ತುಂಬಿಕೊಂಡು ಪಕ್ಕಕ್ಕೆ ಎದ್ದಿತು. ಈಗ ಎರಡು ಛತ್ರಿ, ಒಂದು ದೊಡ್ಡದು ಒಂದು ಸಣ್ಣದು, ಪರಸ್ಪರ ಕೋಪಿಸಿಕೊಂಡವರಂತೆ ಆಚೆಗೊಂದು ಈಚೆಗೊಂದು ವಾಲಿ, ನಡುವೆ ಹುಡುಗಿ. ವೇಗ ಇಳಿಯಿತು. ಬೇಕರಿಯವನು ಮತ್ತೆ ಅವಳ ಹತ್ತಿರಕ್ಕೆ ಬಂದ. ದಾಟಲಿಲ್ಲ, ಅಷ್ಟರಲ್ಲಿ ನೆಲ ಬಂತು.

ಸದ್ದು ಇಲ್ಲಿಯವರೆಗೂ ಕೇಳಿಸಿತು. ಮೈದಾನದ ದೂರದ ಅಂಚಿನಲ್ಲಿ, ಹುಲ್ಲು ಕೊಯ್ಯದ ಕಡೆ.

ಅವಳು ತಲುಪುವ ಹೊತ್ತಿಗೆ ಹುಡುಗಿ ಬೆನ್ನ ಮೇಲೆ ಮಲಗಿ ಆಕಾಶ ನೋಡುತ್ತಿದ್ದಳು. ಎಡಗಾಲಿನ ಪಾದ ಇರಬೇಕಾದ ಕಡೆಗೆ ತಿರುಗಿರಲಿಲ್ಲ. ಎಚ್ಚರವಿತ್ತು. ಬಾಯಿ ತೆರೆದದ್ದು ನಗುವುದಕ್ಕೋ ಅಳುವುದಕ್ಕೋ ತಿಳಿಯದಂತೆ, ತನಗೆ ಮೊದಲನೆಯ ಸಲ ಕೇಳಿಸಿತ್ತು, ಕೈ ಬರಲಿಲ್ಲ, ಎರಡನೆಯ ಸಲ ಬಂತು ಎಂದಳು. ಹಿಂದೆ ಹರಡಿ ಬಿದ್ದಿದ್ದ ದೊಡ್ಡ ಛತ್ರಿಯಲ್ಲಿ ಏಳು ಪಟ್ಟಿ ಅಂಚಿನಿಂದ ನೆತ್ತಿಯವರೆಗೂ ಸೀಳಿದ್ದವು. ಕೆಂಪು ಅಂಚಿನ ಚೀಲ ಅಲ್ಲೆಲ್ಲೂ ಇರಲಿಲ್ಲ. ಅದು ಛತ್ರಿ ಬಿಚ್ಚಿದ ಕ್ಷಣವೇ ಹೊರಗೆ ಸಿಡಿದು, ಗಾಳಿಯ ತಡೆ ಸಾಕಷ್ಟು ಸಿಗದ ಸಣ್ಣದಾದರೂ ಭಾರವಾದ ವಸ್ತುವಿನಂತೆ ನೆಟ್ಟಗೆ ಇಳಿದು, ಹುಡುಗಿ ಇನ್ನೂ ಮೇಲಿರುವಾಗಲೇ ಎಲ್ಲೋ ಮಣ್ಣಿನಲ್ಲಿ ಹೂತುಹೋಗಿತ್ತು. ವಾರ ಕಳೆದ ಮೇಲೆ ಹುಲ್ಲು ಕೊಯ್ಯುವವರಿಗೆ ಸಿಕ್ಕಿತು.

ತಾಯಿ ಬಂದರು. ಓಡಿ ಬಂದವರಿಗೆ ಮಾತು ಬರುತ್ತಿರಲಿಲ್ಲ. ಮಗಳ ಮುಖ, ತಲೆ, ಭುಜ ಎಲ್ಲವನ್ನೂ ಒಂದೊಂದಾಗಿ ಮುಟ್ಟಿ ನೋಡಿದರು, ಎಣಿಸುವವರಂತೆ. ಆಮೇಲೆ ತಲೆ ಎತ್ತಿ, ಏನಾಯ್ತು ಇದಕ್ಕೆ ಎಂದು ದೊಡ್ಡ ಸಾರನ್ನು ಕೇಳಿದರು. ಅವರು ತನಿಖೆ ಮಾಡುತ್ತೇವೆ ಎಂದೇನೋ ಶುರು ಮಾಡಿದರು.

“ನಾನು ಒಳಗೆ ಒಂದು ಚೀಲ ಬಿಟ್ಟಿದ್ದೆ,” ಎಂದಳು ಇವಳು. “ಮಡಚುವಾಗ ಫೋನಿನಲ್ಲಿದ್ದೆ.”

ಫೋನಿನ ವಿಷಯ ದೊಡ್ಡ ಸಾರ್‌ಗೂ ಆಗಷ್ಟೇ ತಿಳಿದದ್ದು. ಅದನ್ನು ಹೇಳದಿದ್ದರೂ ನಡೆಯುತ್ತಿತ್ತು. ತಾಯಿ ಅವಳ ಕಡೆ ತಿರುಗಿದರು. ಹೊಡೆಯುತ್ತಾರೆ ಎಂದುಕೊಂಡಳು, ಹೊಡೆದರೆ ತೆಗೆದುಕೊಳ್ಳಬೇಕು ಎಂದು ನಿಂತಳು. ಹೊಡೆಯಲಿಲ್ಲ. ನನ್ನ ಮಗಳಾಗಿದ್ದರೂ ಎಂದು ಆಗ ಹೇಳಿದ್ದಿರಿ ಎಂದು ನೆನಪಿಸಲೂ ಇಲ್ಲ. ಅಷ್ಟರಲ್ಲಿ ಪಕ್ಕದ ಹುಲ್ಲಿನಲ್ಲಿ ಇಳಿದು ಛತ್ರಿಯನ್ನು ಎಳೆದುಕೊಂಡೇ ಬಂದ ಬೇಕರಿಯವನು, ತನಗೆ ತಿಳಿದದ್ದನ್ನು ಹೇಳಲೇಬೇಕು ಎಂಬಂತೆ, ಈ ಹುಡುಗಿ ನನ್ನನ್ನ ದಾಟಿ ಹೋದಾಗ ಕೈ ಬೀಸಿದೆ, ಸ್ಪರ್ಧೆ ಅಂದುಕೊಂಡೆ ಎಂದ. ಅವನು ಅಲ್ಲೇ ಕೂತುಬಿಟ್ಟ.

ಮೈದಾನದ ವ್ಯಾನು ಬಂತು. ಹುಡುಗಿಯನ್ನು ಹಲಗೆಯ ಮೇಲೆ ಎತ್ತಿ ಒಳಗೆ ಮಲಗಿಸಿದರು. ದೊಡ್ಡ ಸಾರ್ ಇವಳಿಗೆ, ನೀನು ಇಲ್ಲೇ ಇರು, ವರದಿ ಬರೆಯಬೇಕು, ಹೇಳಿಕೆ ಕೊಡಬೇಕು ಎಂದರು. ಒಳಗೆ ಹತ್ತಿ ಕೂತ ತಾಯಿ ಹೊರಗೆ ನೋಡಿದರು. ಮಗಳ ತಲೆ ಅವರ ತೊಡೆಯ ಮೇಲಿತ್ತು, ಕಾಲಿನ ಕಡೆ ಯಾರೂ ಇರಲಿಲ್ಲ.

“ಅವಳು ಬರ್ಲಿ,” ಎಂದರು. “ದಾರಿ ಕುಲುಕುತ್ತೆ. ಕಾಲು ಹಿಡ್ಕೊಳ್ಳೋಕೆ ಒಬ್ಬರು ಬೇಕು.”

ಅವಳು ಹತ್ತಿದಳು. ಎರಡು ಕೈಯಲ್ಲೂ ಆ ಪಾದವನ್ನು, ಇದ್ದ ಹಾಗೆಯೇ, ಮೇಲೆತ್ತದೆ ಒತ್ತದೆ ಹಿಡಿದು ಕೂತಳು. ಮೈದಾನದಿಂದ ಡಾಂಬರು ರಸ್ತೆಗೆ ಬರುವ ಮಣ್ಣುದಾರಿ ಎರಡು ಮೈಲಿ, ಹೆಜ್ಜೆಗೊಂದು ಗುಂಡಿ. ಪ್ರತಿ ಗುಂಡಿಗೂ ಅವಳು ತನ್ನ ಮೊಣಕೈಯನ್ನೇ ಸಡಿಲ ಬಿಟ್ಟು ಕುಲುಕನ್ನು ಅಲ್ಲೇ ತಡೆಯುವುದನ್ನು ಕಲಿತಳು. ಸೊಂಟದಲ್ಲಿ ಫೋನು ಎರಡು ಸಲ ಅದುರಿತು. ಮನೆಯಿಂದಲೇ ಇರಬೇಕು. ಮಗುವಿಗೆ ಜ್ವರ ಏರಿತೋ, ಇಳಿಯಿತೋ. ಕೈ ಬಿಡುವಂತಿರಲಿಲ್ಲ. ದಾರಿಯುದ್ದಕ್ಕೂ ತಾಯಿ ನೋಡಿದ್ದು ಅವಳ ಕೈಗಳನ್ನೇ.

ಆಸ್ಪತ್ರೆಯ ಬಾಗಿಲಲ್ಲಿ ತಳ್ಳುಗಾಡಿ ತಂದವನು ಹುಡುಗಿಯನ್ನು ಅದರ ಮೇಲೆ ಬದಲಿಸಿದಾಗಲೂ ಅವಳು ಪಾದ ಬಿಟ್ಟಿರಲಿಲ್ಲ. ದಾಖಲೆ ಬರೆಯುವ ನರ್ಸು ತಾಯಿಯ ಹೆಸರು ಕೇಳಿ ಬರೆದುಕೊಂಡು, ಪೆನ್ನಿನಿಂದಲೇ ಇವಳ ಕಡೆ ತೋರಿಸಿ, ಇವರು ಪೇಷಂಟಿಗೆ ಏನಾಗಬೇಕು ಎಂದಳು.

“ಅವಳ ಛತ್ರಿ ಮಡಚಿದೋರು,” ಎಂದರು ತಾಯಿ. ಬೈಗುಳವೂ ಅಲ್ಲ, ಉಪಕಾರ ಸ್ಮರಣೆಯೂ ಅಲ್ಲ, ಕೇಳಿದ್ದಕ್ಕೆ ಇದ್ದದ್ದನ್ನು ಹೇಳಿದ ದನಿ. “ಎಕ್ಸ್‌ರೇ ತೆಗೆಯೋವರೆಗೂ ಇರ್ತಾರೆ.”

ಅವಳು ತಳ್ಳುಗಾಡಿಯ ಪಕ್ಕ, ಚಪ್ಪಲಿಯಿಲ್ಲದ ಕಾಲಲ್ಲಿ, ಆ ಉದ್ದನೆಯ ಮೊಗಸಾಲೆಯುದ್ದ ನಡೆದಳು.